ಕಠಿನಶಿಲೆಯ ಕೊರೆತ: ಕುರುವಿಂದದ ಪುಡಿಯಿಂದ ಶ್ರವಣಾತೀತ ಕಂಪನದವರೆಗೆ

೧

ನೀರು ಸೇದುವ ಹಗ್ಗದ ಎಳೆತಕ್ಕೆ ಬಾವಿಯ ಕಟ್ಟೆಯ ಕಲ್ಲು ಸವೆದು ಗೆರೆ ಬೀಳುವುದನ್ನು ಹಳೆಯ ಊರುಗಳಲ್ಲಿ ಕಾಣದವರಿಲ್ಲ. ಹಗ್ಗವು ಮೃದುವಾದುದು, ಕಲ್ಲು ಕಠಿನವಾದುದು. ಆದರೂ ಕಾಲಕ್ರಮದಲ್ಲಿ ಸೋಲುವುದು ಕಲ್ಲೇ. ಈ ಸಂಗತಿಯನ್ನು ಅಭ್ಯಾಸಬಲಕ್ಕೆ ದೃಷ್ಟಾಂತವಾಗಿ ಹಿರಿಯರು ಬಹುಕಾಲದಿಂದ ಹೇಳುತ್ತ ಬಂದಿರುವರು. ಅದರೊಳಗಿನ ಭೌತಿಕ ಸತ್ಯವು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ಕಲ್ಲನ್ನು ಸವೆಸುವುದರಲ್ಲಿ ನಾರಿನಷ್ಟೇ, ನಾರಿನಲ್ಲಿ ಸಿಕ್ಕಿಕೊಂಡ ಮರಳಿನ ಕಣಕ್ಕೂ ಪಾಲುಂಟು. ಹಗ್ಗವು ಆ ಕಣವನ್ನು ಹಿಡಿದು ನಡೆಸುವ ಕೈಯಂತೆ ಕೆಲಸಮಾಡುತ್ತದೆ. ಕಠಿನವಾದುದನ್ನು ಕೊರೆಯಬೇಕಾದರೆ ಅದಕ್ಕಿಂತ ಕಠಿನವಾದ ಉಪಕರಣವೇ ಬೇಕೆಂಬ ಸಾಮಾನ್ಯ ನಂಬಿಕೆಯು ಅರ್ಧಸತ್ಯವೇ ಸರಿ. ಕಠಿನವಾದ ಪುಡಿ, ಅದನ್ನು ನಡೆಸಲು ಒಂದು ಮೃದುವಾದ ಉಪಕರಣ, ಎಡೆಬಿಡದ ಆವರ್ತನೆ, ಈ ಮೂರೂ ಕೂಡಿದರೆ ಎಂಥ ಕಲ್ಲೂ ದಾರಿ ಬಿಡುತ್ತದೆ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಳಕೆಗೆ ಬಂದ ಶ್ರವಣಾತೀತ ಕೊರೆತ, ಅಂದರೆ ಕಾರ್ಖಾನೆಗಳಲ್ಲಿ ಅಲ್ಟ್ರಾಸಾನಿಕ್ ಮೆಷಿನಿಂಗ್ ಎಂದು ಕರೆಯಲ್ಪಡುವ ವಿಧಾನವು, ಈ ಹಳೆಯ ತತ್ತ್ವದ ಮೇಲೆಯೇ ನಿಂತಿದೆ. ಆದರೆ ಈ ಹೆಸರು ಈಚೆಗೆ ಇತಿಹಾಸದ ಚರ್ಚೆಯಲ್ಲಿ ಬೇರೊಂದು ಬಗೆಯಾಗಿ ಕೇಳಿಬರುತ್ತಿದೆ. ಪ್ರಾಚೀನರ ಶಿಲಾಕರ್ಮವು ಉಳಿ ಸುತ್ತಿಗೆಗಳಿಂದ ಆಗತಕ್ಕುದಲ್ಲ, ಮರೆತುಹೋದ ಯಾವುದೋ ಉನ್ನತ ಯಂತ್ರದಿಂದಲೇ ಆಗಿರಬೇಕು ಎಂಬ ವಾದವು ಜನಪ್ರಿಯ ಪುಸ್ತಕಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಹಬ್ಬಿದೆ. ಈಜಿಪ್ತಿನ ಪಿರಮಿಡ್ಡುಗಳಂತೆ ಹಳೇಬೀಡಿನ ಕಂಬಗಳೂ ಈ ವಾದಕ್ಕೆ ಸಿಕ್ಕಿಕೊಂಡಿವೆ. ಕೇಳುವುದಕ್ಕೆ ಇದು ಪ್ರಾಚೀನರ ಹೊಗಳಿಕೆಯಂತಿದೆ. ವಿಚಾರಿಸಿ ನೋಡಿದರೆ, ಕಲ್ಲುಕುಟಿಗನಿಗೆ ಸಲ್ಲಬೇಕಾದ ಮನ್ನಣೆಯನ್ನು ಅವನ ಕೈಯಿಂದ ಕಿತ್ತು ಇಲ್ಲದ ಯಂತ್ರಕ್ಕೆ ಕೊಡುವುದೇ ಅದರ ಪರಿಣಾಮವಾಗಿದೆ. ಆದುದರಿಂದ ಹಳೆಯ ವಿಧಾನವೇನು, ಹೊಸದೇನು, ಅವೆರಡರ ಸಂಬಂಧವೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಇತಿಹಾಸದ ದೃಷ್ಟಿಯಿಂದ ಆವಶ್ಯಕವಾಗಿದೆ.

೨

ಈ ವಿಚಾರಕ್ಕೆ ಠಾಣೆ, ಕಲ್ಯಾಣಗಳ ಸುತ್ತಣ ಪ್ರದೇಶವು ಒಳ್ಳೆಯ ನೆಲೆಯಾಗಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾರಸವು ಹೆಪ್ಪುಗಟ್ಟಿ ಆದ ಕರಿಕಲ್ಲೇ ಇಲ್ಲಿನ ನೆಲದ ಅಡಿಪಾಯ. ೧೯೧೬ರಲ್ಲಿ ತೆರೆದ ಪಾರಸಿಕ ಬೆಟ್ಟದ ರೈಲು ಸುರಂಗವು ಈ ಕಲ್ಲಿನೊಳಗೇ ಹಾಯ್ದಿದೆ. ೧೯೭೦ರ ಬಳಿಕ ನವಿಮುಂಬಯಿಯು ಬೆಳೆದುದೂ ಇದೇ ಬೆಟ್ಟದ ಬುಡದಲ್ಲಿ. ಈ ಶಿಲೆಯೊಡನೆ ಮನುಷ್ಯನ ಹೋರಾಟವು ಇಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯದು.

ಸಾಷ್ಟಿ ದ್ವೀಪದ ಕಾನ್ಹೇರಿ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಅಲ್ಲಿ ದಾನ ಮಾಡಿದವರ ಹೆಸರುಗಳು ಪ್ರಾಕೃತ ಶಾಸನಗಳಲ್ಲಿ ಉಳಿದಿವೆ. ಆ ದಾನಿಗಳಲ್ಲಿ ಸೋಪಾರದ ಮಣಿಕಾರನೊಬ್ಬನೂ ಕಲ್ಯಾಣದ ಕಮ್ಮಾರನೊಬ್ಬನೂ ಕಾಣಿಸಿಕೊಳ್ಳುತ್ತಾರೆ. ಪ್ರಾಕೃತದಲ್ಲಿ ಆ ಕಮ್ಮಾರನ ವೃತ್ತಿಯ ಹೆಸರು 'ಕಮಾರ' ಎಂದಿರುವುದು ಕನ್ನಡಿಗರ ಕಿವಿಗೆ ಅಪರಿಚಿತವಾಗಿ ತೋರದು. ಈ ಕಲ್ಯಾಣವು ಚಾಲುಕ್ಯರ ರಾಜಧಾನಿಯಾದ ಕಲ್ಯಾಣವಲ್ಲ. 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕಗ್ರಂಥದಲ್ಲಿ 'ಕಲ್ಲಿಯೇನ' ಎಂದು ಹೆಸರುಗೊಂಡ, ಉಲ್ಹಾಸ ನದಿಯ ದಡದ ರೇವುಪಟ್ಟಣ. ಅದೇ ಗ್ರಂಥವು ಪೈಠಣದಿಂದ ಗೋಮೇಧಿಕ ಜಾತಿಯ ಪಟ್ಟೆಗಲ್ಲುಗಳು ಬಂಡಿಗಳಲ್ಲಿ ಭರುಕಚ್ಛದ ರೇವಿಗೆ ಇಳಿಯುತ್ತಿದ್ದುವೆಂದು ತಿಳಿಸುತ್ತದೆ. ಬೆಟ್ಟವನ್ನು ಕೊರೆಯುವವನಿಗೆ ಉಳಿಗಳನ್ನು ಕಾಯಿಸಿ ಹದಗೊಳಿಸಿ ಕೊಡುವ ಕಮ್ಮಾರನು ಬೇಕು. ಮಣಿಯನ್ನು ಕೊರೆಯುವವನಿಗೆ ಸಾಣೆಯ ಪುಡಿ ಬೇಕು. ಹೀಗೆ ಕಠಿನಶಿಲೆಯನ್ನು ಗೆಲ್ಲುವ ಎರಡು ಹಳೆಯ ಮಾರ್ಗಗಳಿಗೆ ಸೇರಿದ ಇಬ್ಬರು ಕಸುಬುದಾರರ ಗುರುತು ಒಂದೇ ಬೆಟ್ಟದಲ್ಲಿ ದೊರೆಯುತ್ತದೆ.

ಕಾನ್ಹೇರಿಗೂ ಕನ್ನಡನಾಡಿಗೂ ಇರುವ ಸಂಬಂಧವನ್ನು ಇಲ್ಲಿ ನೆನೆಯುವುದು ಯುಕ್ತವಾಗಿದೆ. ಶಕವರ್ಷ ೭೬೫, ೭೭೫ ಮತ್ತು ೭೯೯ರ ಮೂರು ಶಾಸನಗಳು ಅಲ್ಲಿವೆ. ಕ್ರಿಸ್ತಶಕದ ಲೆಕ್ಕದಲ್ಲಿ ಇವು ೯ನೆಯ ಶತಮಾನಕ್ಕೆ ಸೇರುತ್ತವೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಆಳ್ವಿಕೆಯನ್ನೂ ಅವನ ಸಾಮಂತರಾದ ಉತ್ತರ ಕೊಂಕಣದ ಶಿಲಾಹಾರರನ್ನೂ ಅವು ಹೆಸರಿಸುತ್ತವೆ. ಮಾನ್ಯಖೇಟದಲ್ಲಿ 'ಕವಿರಾಜಮಾರ್ಗ'ವು ಹುಟ್ಟಿದ ಆಸ್ಥಾನದ ಒಡೆಯನ ಹೆಸರನ್ನು ಅದೇ ಕಾಲದಲ್ಲಿ ಸಾಷ್ಟಿಯ ಬಂಡೆಯ ಮೇಲೆ ಯಾವನೋ ಕಲ್ಲುಕುಟಿಗನು ಅಕ್ಷರಕ್ಕೊಂದಿಷ್ಟು ಪೆಟ್ಟಿನಂತೆ ಕಂಡರಿಸುತ್ತಿದ್ದನು. ಠಾಣೆಯ ಶಿಲಾಹಾರರ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ 'ಮಲಗಲಗಂಡ', 'ನನ್ನಿಸಮುದ್ರ' ಎಂಬಂಥ ಕನ್ನಡದ ಬಿರುದುಗಳು ಅವುಗಳಲ್ಲಿ ಕಾಣುತ್ತವೆ. ಇದೇ ವಂಶದ ಮುಮ್ಮುಣಿಯ ಕಾಲದ, ಶಕ ೯೮೨ರ, ಎಂದರೆ ಕ್ರಿ. ಶ. ೧೦೬೦ರ ಶಾಸನವು ಕಲ್ಯಾಣಕ್ಕೆ ಸಮೀಪವಾದ ಅಂಬರನಾಥದ ಶಿವಾಲಯದಲ್ಲಿದೆ. ಆ ಶಿವಾಲಯವು ಅಡಿಯಿಂದ ಮುಡಿಯವರೆಗೆ ಇದೇ ಕರಿಕಲ್ಲಿನಲ್ಲಿ ಕಡೆದ ಶಿಲ್ಪಗಳಿಂದ ತುಂಬಿದೆ.

ಇಂಥ ಕಲ್ಲನ್ನು ಕಬ್ಬಿಣದ ಉಳಿಯು 'ಕತ್ತರಿಸುತ್ತದೆ' ಎಂದು ಹೇಳುವುದು ರೂಢಿ. ವಾಸ್ತವವಾಗಿ ಅದು ಕತ್ತರಿಸುವುದಿಲ್ಲ. ಮರವನ್ನು ಕತ್ತರಿಸಿದಾಗ ಉಳಿಯ ಬಾಯಿಯೊಡನೆ ಸಿಬಿರು ಸುರುಳಿಯಾಗಿ ಏಳುತ್ತದೆ. ಕರಿಕಲ್ಲಿನಲ್ಲಿ ಪ್ರತಿಯೊಂದು ಪೆಟ್ಟೂ ಉಳಿಯ ತುದಿಯ ಕೆಳಗೆ ಒಂದಿಷ್ಟು ಕಲ್ಲನ್ನು ಪುಡಿಮಾಡಿ, ಸುತ್ತಲೂ ಸಣ್ಣ ಬಿರುಕುಗಳನ್ನು ಎಬ್ಬಿಸಿ, ಚೂರುಗಳನ್ನು ಸಿಡಿಸುತ್ತದೆ. ಉಳಿಯ ಬಾಯಿ ಮತ್ತೆ ಮತ್ತೆ ಮೊಂಡಾಗುತ್ತದೆ. ಕಲ್ಲೂ ಮತ್ತೆ ಮತ್ತೆ ಉದುರುತ್ತದೆ. ಕಾನ್ಹೇರಿಯ ಮೊದಲನೆಯ ಗುಹೆಯು ಪೂರ್ತಿಯಾಗದೆ ನಿಂತುಹೋಗಿರುವುದರಿಂದ, ಕೆಲಸವು ಯಾವ ಕ್ರಮದಲ್ಲಿ ಒಳಸರಿಯುತ್ತಿತ್ತೆಂಬುದನ್ನು ಅಲ್ಲಿ ಇಂದಿಗೂ ಊಹಿಸಬಹುದಾಗಿದೆ.

೩

ಕೊಂಕಣದಲ್ಲಿ ಕಬ್ಬಿಣದಿಂದ ನಡೆದ ಈ ಕೆಲಸಕ್ಕೆ ಕನ್ನಡನಾಡಿನಲ್ಲಿ ಕಬ್ಬಿಣಕ್ಕೂ ಹಿಂದಿನ ಪೂರ್ವಪೀಠಿಕೆಯುಂಟು. ಬಳ್ಳಾರಿಯ ಬಳಿಯ ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಡಾಲರೈಟ್ ಎಂಬ ಕರಿಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ರಾಬರ್ಟ್ ಬ್ರೂಸ್ ಫೂಟನು ಈ ನೆಲೆಯನ್ನು ವಿದ್ವಾಂಸರ ಗಮನಕ್ಕೆ ತಂದನು. ಅಲ್ಲಿ ಕೆಲಸವು ಮೂರು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲು ದೊಡ್ಡ ಪೆಟ್ಟುಗಳಿಂದ ಚಕ್ಕೆಗಳನ್ನು ಎಬ್ಬಿಸಿ ಸ್ಥೂಲವಾದ ಆಕಾರ ಕೊಡುವುದು. ಆಮೇಲೆ ಗುಂಡುಕಲ್ಲಿನಿಂದ ಹಗುರವಾಗಿ ಸಾವಿರಾರು ಸಲ ಕುಟ್ಟಿ ಏರುತಗ್ಗುಗಳನ್ನು ಕಣಕಣವಾಗಿ ಉದುರಿಸುವುದು. ಕೊನೆಗೆ ಬಂಡೆಯ ಮೇಲೆ ಉಜ್ಜಿ ನುಣುಪುಗೊಳಿಸುವುದು. ಹೀಗೆ ಉಜ್ಜಿದುದರಿಂದ ಬಿದ್ದ ತೋಡುಗಳು ಅಲ್ಲಿನ ಬಂಡೆಗಳಲ್ಲಿ ಇಂದಿಗೂ ಇವೆ. ಎರಡನೆಯ ಹಂತವು ಇಲ್ಲಿ ವಿಶೇಷವಾಗಿ ಗಮನಾರ್ಹ. ಒಂದು ಪೆಟ್ಟಿನಿಂದ ಆಗುವ ಹಾನಿ ಅತ್ಯಲ್ಪವಾಗಿರಬೇಕು, ಪೆಟ್ಟುಗಳ ಸಂಖ್ಯೆ ಅಪಾರವಾಗಿರಬೇಕು. ಪೆಟ್ಟು ದೊಡ್ಡದಾದರೆ ಕೊಡಲಿಯೇ ಸೀಳಿಹೋಗುತ್ತದೆ. ಪೆಡಸಾದ ವಸ್ತುವಿಗೆ ರೂಪ ಕೊಡುವ ಈ ನೀತಿಯನ್ನು ಮನುಷ್ಯನು ಲೋಹವನ್ನು ಕಾಣುವ ಮೊದಲೇ ಅರಿತಿದ್ದನು.

ಪುಡಿಯ ಮಾರ್ಗದ ಚರಿತ್ರೆಯೂ ಅಷ್ಟೇ ಹಳೆಯದು. ಸಿಂಧೂ ನಾಗರಿಕತೆಯ ಮಣಿಕಾರರು ಕೆಂಪು ಕಾರ್ನೀಲಿಯನ್ ಕಲ್ಲಿನ ಉದ್ದನೆಯ ಮಣಿಗಳಲ್ಲಿ ಸಣ್ಣ ರಂಧ್ರಗಳನ್ನು ಕೊರೆಯುತ್ತಿದ್ದರು. ಅವರು ಬಳಸಿದ ವಿಶಿಷ್ಟ ಕಲ್ಲಿನ ಬೈರಿಗೆಮೊನೆಗಳಿಗೆ, ಚನ್ಹುದಾರೋವಿನಲ್ಲಿ ಉತ್ಖನನ ನಡೆಸಿದ ಅರ್ನೆಸ್ಟ್ ಮೆಕೆಯ ಸ್ಮರಣಾರ್ಥವಾಗಿ, 'ಅರ್ನೆಸ್ಟೈಟ್' ಎಂಬ ಹೆಸರು ಬಂದಿದೆ. ಜೊನಾಥನ್ ಮಾರ್ಕ್ ಕೆನೋಯರರು ಮಾಡಿದ ಪ್ರಯೋಗಗಳಲ್ಲಿ ಇಂಥ ಮೊನೆಯು ಗಂಟೆಗೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಮಾತ್ರ ಒಳಗಿಳಿಯಿತು. ಒಂದು ಮಣಿಗೆ ದಿನಗಟ್ಟಲೆ ಶ್ರಮ ಬೇಕಾಗಿದ್ದಿತೆಂಬುದನ್ನು ಇದರಿಂದ ತಿಳಿಯಬಹುದು.

ಸಾಣೆಯ ಪುಡಿಗಳಲ್ಲಿ ದಕ್ಷಿಣ ಭಾರತದ ಕೊಡುಗೆಯು ಕುರುವಿಂದ. ವಜ್ರವನ್ನು ಬಿಟ್ಟರೆ ನಿಸರ್ಗದಲ್ಲಿ ದೊರೆಯುವ ಖನಿಜಗಳಲ್ಲಿ ಅತ್ಯಂತ ಕಠಿನವಾದುದು ಇದೇ. ಮಾಣಿಕ್ಯವೂ ನೀಲವೂ ಇದರ ಶುದ್ಧರೂಪಗಳು. ಫ್ರೀಡ್ರಿಖ್ ಮೋಸನು ೧೯ನೆಯ ಶತಮಾನದ ಆರಂಭದಲ್ಲಿ ರಚಿಸಿದ ಕಾಠಿನ್ಯದ ಶ್ರೇಣಿಯಲ್ಲಿ ವಜ್ರಕ್ಕೆ ೧೦, ಕುರುವಿಂದಕ್ಕೆ ೯, ಮರಳಿನಲ್ಲಿರುವ ಸ್ಫಟಿಕಕ್ಕೆ ೭. ಮೈಸೂರು ಸೀಮೆಯಲ್ಲಿಯೂ ತಮಿಳುನಾಡಿನಲ್ಲಿಯೂ ಕುರುವಿಂದವು ದೊರೆಯುತ್ತದೆ. ೧೭೯೮ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬ ಆಂಗ್ಲನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯದಿಂದ ಬಂದ ಈ ಕಲ್ಲನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದನು. ಇಂದು ಜಗತ್ತೆಲ್ಲ ಬಳಸುವ 'ಕೊರಂಡಮ್' ಎಂಬ ಶಬ್ದವು ತಮಿಳಿನ 'ಕುರುಂದಮ್', ಸಂಸ್ಕೃತದ 'ಕುರುವಿಂದ' ಎಂಬ ರೂಪಗಳಿಂದ ಹೊರಟುದು. ದಕ್ಷಿಣದ ಸಾಣೆಗಾರನ ಕಸುಬಿನ ಮಾತೊಂದು ಹೀಗೆ ವಿಶ್ವದ ಖನಿಜಶಾಸ್ತ್ರದಲ್ಲಿ ನೆಲೆಗೊಂಡಿದೆ.

೪

ಇನ್ನು ಹೊಸ ವಿಧಾನದ ಹುಟ್ಟನ್ನು ನೋಡಬೇಕು. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲುದು. ಅದನ್ನು ಮೀರಿದುದು ಶ್ರವಣಾತೀತ. ಇಷ್ಟು ಶೀಘ್ರವಾದ ಕಂಪನವನ್ನು ಘನವಸ್ತುವಿನಲ್ಲಿ ಹುಟ್ಟಿಸುವುದಕ್ಕೆ ಬೇಕಾದ ಎರಡು ಗುಣಗಳು ೧೯ನೆಯ ಶತಮಾನದಲ್ಲಿಯೇ ಪತ್ತೆಯಾದುವು. ಅಯಸ್ಕಾಂತಬಲಕ್ಕೆ ಒಳಗಾದ ಲೋಹದ ಉದ್ದವು ಸ್ವಲ್ಪ ಮಾರ್ಪಡುವುದೆಂದು ಜೇಮ್ಸ್ ಜೌಲನು ೧೮೪೨ರಲ್ಲಿ ಕಂಡನು. ಒತ್ತಿದಾಗ ವಿದ್ಯುತ್ತನ್ನು ತೋರುವ ಸ್ಫಟಿಕದ ಗುಣವನ್ನು ಪಿಯೆರ್ ಮತ್ತು ಜಾಕ್ ಕ್ಯೂರಿ ಸಹೋದರರು ೧೮೮೦ರಲ್ಲಿ ಪ್ರಕಟಿಸಿದರು. ಇದರ ವಿಲೋಮವಾಗಿ ವಿದ್ಯುತ್ತನ್ನು ಕೊಟ್ಟರೆ ಸ್ಫಟಿಕವು ಹಿಗ್ಗಿ ಕುಗ್ಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನೌಕೆಗಳನ್ನು ಪತ್ತೆಹಚ್ಚುವ ಸಲುವಾಗಿ ಪಾಲ್ ಲಾಂಜವೇನನು ೧೯೧೭ರಲ್ಲಿ ಸ್ಫಟಿಕದ ಕಂಪನಜನಕವನ್ನು ರಚಿಸಿದನು. ೧೯೨೭ರಲ್ಲಿ ಅಮೆರಿಕದ ಆರ್. ಡಬ್ಲ್ಯು. ವುಡ್ ಮತ್ತು ಎ. ಎಲ್. ಲೂಮಿಸ್ ಪ್ರಬಲವಾದ ಶ್ರವಣಾತೀತ ಧ್ವನಿಯ ಪರಿಣಾಮಗಳನ್ನು ವರ್ಣಿಸಿದರು. ಕಂಪಿಸುವ ಗಾಜಿನ ಕಡ್ಡಿಯ ತುದಿಯು ಮರವನ್ನು ಸುಟ್ಟು ತೂರುವುದನ್ನೂ ಗಾಜಿನ ಹಲಗೆಯನ್ನು ಕೊರೆಯುವುದನ್ನೂ ಅವರು ಕಂಡಿದ್ದರು.

ಇದೇ ಕಾಲದಲ್ಲಿ ಬೆಂಗಳೂರೂ ಈ ವಿಜ್ಞಾನದ ಭೂಪಟದಲ್ಲಿ ಸ್ಥಾನ ಪಡೆಯಿತು. ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಇವರು ಶ್ರವಣಾತೀತ ತರಂಗಗಳು ಹಾಯುವ ದ್ರವದಲ್ಲಿ ಬೆಳಕು ಚದರುವ ಬಗೆಯನ್ನು ೧೯೩೫-೩೬ರಲ್ಲಿ ಪ್ರಬಂಧಮಾಲೆಯೊಂದರಲ್ಲಿ ವಿವರಿಸಿದರು. ರಾಮನ್-ನಾಥ್ ಸಿದ್ಧಾಂತವೆಂಬ ಹೆಸರಿನಿಂದ ಅದು ಇಂದಿಗೂ ಪಾಠಪುಸ್ತಕಗಳಲ್ಲಿದೆ. ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು ರಾಮನ್ನರ ಅದಕ್ಕೂ ಹಿಂದಿನ ಒಂದು ಕೆಲಸ. ಗಾಜಿನಂಥ ವಸ್ತುವಿನ ಮೇಲೆ ಗುಂಡು ಬಡಿದಾಗ ಶಂಕುವಿನ ಆಕಾರದಲ್ಲಿ ಏಳುವ ಬಿರುಕುಗಳನ್ನು ಕುರಿತು ಅವರು ೧೯೧೯ರಲ್ಲಿ, ಕಲಕತ್ತೆಯಲ್ಲಿದ್ದಾಗ, 'ನೇಚರ್' ಪತ್ರಿಕೆಗೆ ಬರೆದಿದ್ದರು. ಪೆಡಸಾದ ವಸ್ತುವು ಪೆಟ್ಟಿಗೆ ಹೇಗೆ ಒಡೆಯುತ್ತದೆಂಬ ಪ್ರಶ್ನೆಯೇ ಶ್ರವಣಾತೀತ ಕೊರೆತದ ತಿರುಳಾಗಿದೆ. ರಾಮನ್ನರು ಈ ಎರಡು ದಾರಿಗಳಲ್ಲಿಯೂ ನಡೆದಿದ್ದರೂ ಅವೆರಡೂ ಕೂಡಿ ಒಂದು ಉಪಕರಣವಾದುದು ಬೇರೆಡೆಯಲ್ಲಿ.

ಅಮೆರಿಕದ ಲೂಯಿಸ್ ಬಾಲಮತ್ ಎಂಬಾತನು ದ್ರವದಲ್ಲಿ ಘನವಸ್ತುವಿನ ಪುಡಿಯನ್ನು ಕಂಪನದಿಂದ ಚದರಿಸುವ ಪ್ರಯೋಗಗಳಲ್ಲಿ ತೊಡಗಿದ್ದಾಗ, ಪುಡಿಯ ಎದುರಿಗಿದ್ದ ಗಟ್ಟಿ ವಸ್ತುವು ಬೇಗಬೇಗನೆ ಸವೆಯುವುದನ್ನು ಗಮನಿಸಿದನು. ಅಡ್ಡಪರಿಣಾಮವಾಗಿ ಕಂಡುದನ್ನೇ ಮುಖ್ಯೋದ್ದೇಶವಾಗಿ ತಿರುಗಿಸಿ ೧೯೪೫ರಲ್ಲಿ ಪೇಟೆಂಟಿಗೆ ಸಲ್ಲಿಸಿದನು. ೧೯೫೦ರ ದಶಕದಲ್ಲಿ ಈ ತತ್ತ್ವದ ಯಂತ್ರಗಳು ಮಾರುಕಟ್ಟೆಗೆ ಬಂದುವು. ಟ್ರಾನ್ಸಿಸ್ಟರಿಗೆ ಬೇಕಾದ ಜರ್ಮೇನಿಯಮ್ ಮತ್ತು ಸಿಲಿಕಾನ್, ವಿದ್ಯುದುಪಕರಣಗಳ ಫೆರೈಟ್, ಪಿಂಗಾಣಿಯ ಜಾತಿಯ ಸಿರಾಮಿಕ್ ವಸ್ತುಗಳು, ಇವೆಲ್ಲ ಕಠಿನವೂ ಪೆಡಸೂ ಆಗಿದ್ದು ಲೇತಿನ ಉಳಿಗೆ ಬಗ್ಗದ ವಸ್ತುಗಳಾಗಿದ್ದುದರಿಂದ, ಈ ವಿಧಾನಕ್ಕೆ ಅವಕಾಶವು ತಾನಾಗಿ ಒದಗಿತು. ದಂತವೈದ್ಯರು ಹಲ್ಲಿನ ಕಿಟ್ಟವನ್ನು ತೆಗೆಯಲು ಬಳಸುವ ಶ್ರವಣಾತೀತ ಉಪಕರಣವೂ, ಚಾರ್ಲ್ಸ್ ಕೆಲ್ಮನ್ನರು ೧೯೬೭ರಲ್ಲಿ ಬಳಕೆಗೆ ತಂದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಉಪಕರಣವೂ ಇದೇ ಮನೆತನದ ಕುಡಿಗಳು.

೫

ಯಂತ್ರದ ರಚನೆಯು ತತ್ತ್ವದಲ್ಲಿ ಸರಳವಾಗಿದೆ. ವಿದ್ಯುಜ್ಜನಕವು ಸೆಕೆಂಡಿಗೆ ಸುಮಾರು ೨೦,೦೦೦ ಆವೃತ್ತಿಯ ವಿದ್ಯುತ್ತನ್ನು ಕೊಡುತ್ತದೆ. ನಿಕ್ಕಲ್ಲಿನ ಅಥವಾ ಸಿರಾಮಿಕ್ಕಿನ ಕಂಪನಜನಕವು ಅದೇ ಲಯದಲ್ಲಿ ಹಿಗ್ಗಿ ಕುಗ್ಗುತ್ತದೆ. ಈ ಚಲನೆಯು ತೀರ ಅಲ್ಪವಾಗಿರುವುದರಿಂದ, ಬುಡದಲ್ಲಿ ದಪ್ಪನಾಗಿದ್ದು ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಲೋಹದ ಕೊಂಬೊಂದನ್ನು ಅದಕ್ಕೆ ಜೋಡಿಸುತ್ತಾರೆ. ಕೊಂಬಿನ ಉದ್ದವು ಆ ಆವೃತ್ತಿಗೆ ಸರಿಯಾಗಿ ಅನುರಣಿಸುವಂತೆ ಇದ್ದರೆ ತುದಿಯಲ್ಲಿ ಕಂಪನದ ಹರವು ಹೆಚ್ಚುತ್ತದೆ. ಹಾಗೆ ಹೆಚ್ಚಿದ ಮೇಲೂ ಅದು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ ೧೫ರಿಂದ ೫೦ ಭಾಗ ಮಾತ್ರ. ತುದಿಗೆ ಉಪಕರಣವನ್ನು ಬೆಸೆದಿರುತ್ತಾರೆ. ಬೇಕಾದ ರಂಧ್ರವು ದುಂಡಗಿದ್ದರೆ ಉಪಕರಣವೂ ದುಂಡಗೆ, ಚೌಕವಾಗಿದ್ದರೆ ಅದೂ ಚೌಕ. ಅದು ತಿರುಗುವುದಿಲ್ಲವಾದುದರಿಂದ ಯಾವ ಆಕಾರಕ್ಕೂ ಅಡ್ಡಿಯಿಲ್ಲ. ಉಪಕರಣಕ್ಕೂ ಕೆಲಸದ ವಸ್ತುವಿಗೂ ನಡುವೆ ನೀರಿನಲ್ಲಿ ಕಲಸಿದ ಸಾಣೆಪುಡಿಯ ರಾಡಿಯು ಎಡೆಬಿಡದೆ ಹರಿಯುತ್ತಿರುತ್ತದೆ. ಪುಡಿಯು ಬೋರಾನ್ ಕಾರ್ಬೈಡ್, ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯುಮಿನಾ. ಈ ಕೊನೆಯದು ಕೃತಕ ಕುರುವಿಂದವಲ್ಲದೆ ಬೇರೆಯಲ್ಲ.

ಈ ಚಲನೆಯ ಲೆಕ್ಕವು ಕುತೂಹಲಕರವಾಗಿದೆ. ೨೦,೦೦೦ ಆವೃತ್ತಿಯಲ್ಲಿ ನಡುನೆಲೆಯಿಂದ ಅತ್ತಿತ್ತ ೨೫ ಮೈಕ್ರಾನ್ ಸರಿಯುವ ತುದಿಯ ಅತ್ಯಧಿಕ ವೇಗವು ಸೆಕೆಂಡಿಗೆ ಸುಮಾರು ೩ ಮೀಟರು ಮಾತ್ರ. ಮೆಲ್ಲನೆ ಓಡುವ ಮನುಷ್ಯನ ವೇಗಕ್ಕಿಂತ ಇದು ಹೆಚ್ಚಲ್ಲ. ಆದರೆ ಆ ತುದಿಯು ಸೆಕೆಂಡಿಗೆ ೪೦,೦೦೦ ಸಲ ದಿಕ್ಕು ಬದಲಿಸಬೇಕಾಗಿರುವುದರಿಂದ ಅದರ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷಕ್ಕೆ ಸುಮಾರು ೪೦,೦೦೦ ಪಟ್ಟಾಗುತ್ತದೆ. ಸೆಕೆಂಡಿಗೊಂದು ಪೆಟ್ಟು ಹಾಕುವ ಕಲ್ಲುಕುಟಿಗನು ಈ ಯಂತ್ರದ ಒಂದು ಸೆಕೆಂಡಿನ ಪೆಟ್ಟುಗಳನ್ನು ಎಣಿಸಿ ಹಾಕಬೇಕಾದರೆ ಬಿಡುವಿಲ್ಲದೆ ಐದೂವರೆ ಗಂಟೆ ದುಡಿಯಬೇಕು. ಅವನ ಒಂದೊಂದು ಪೆಟ್ಟೂ ಯಂತ್ರದ ಪೆಟ್ಟಿಗಿಂತ ಬಹಳ ಬಲವಾದುದೆಂಬುದನ್ನೂ ಮರೆಯಲಾಗದು.

ಉಪಕರಣವು ಕೆಳಗಿಳಿದಾಗ ನಡುವೆ ಸಿಕ್ಕಿದ ಪುಡಿಯ ಕಣಗಳ ಮೊನೆಗಳು ಕೆಲಸದ ವಸ್ತುವಿನೊಳಗೆ ಒತ್ತಲ್ಪಡುತ್ತವೆ. ಕೆಲವು ಕಣಗಳು ದ್ರವದಲ್ಲಿ ಎಸೆಯಲ್ಪಟ್ಟು ಬಂದು ಬಡಿಯುತ್ತವೆ. ದ್ರವದಲ್ಲಿ ಹುಟ್ಟಿ ಒಡೆಯುವ ಸಣ್ಣ ಗುಳ್ಳೆಗಳ ಪೆಟ್ಟೂ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ಇವುಗಳಲ್ಲಿ ಮುಖ್ಯವಾದುದು ಮೊದಲನೆಯದು, ೧೯೫೬ರಲ್ಲಿ ಎಂ. ಸಿ. ಷಾ ಎಂಬ ವಿದ್ವಾಂಸನು ಮಂಡಿಸಿದ ಲೆಕ್ಕವು ಈ ನಿರ್ಣಯಕ್ಕೆ ಬುನಾದಿಯಾಯಿತು. ಕಣದ ಮೊನೆಯ ಕೆಳಗೆ ಏನಾಗುತ್ತದೆಂಬುದು ೧೯೭೦ರ ದಶಕದ ನಂತರ ಇನ್ನಷ್ಟು ಸ್ಪಷ್ಟವಾಗಿದೆ. ಒತ್ತುವಾಗ ನೇರವಾಗಿ ಕೆಳಮುಖವಾದ ಬಿರುಕು ಏಳುತ್ತದೆ. ಒತ್ತಡವನ್ನು ಬಿಟ್ಟಾಗ, ಅದುಮಿದ ಭಾಗವು ಮರಳಿ ಏಳಲು ಯತ್ನಿಸುವುದರಿಂದ, ಅಡ್ಡಬಿರುಕುಗಳು ಹುಟ್ಟಿ ಮೇಲ್ಮೈಯ ಕಡೆಗೆ ಬಾಗಿ ಬರುತ್ತವೆ. ಚೂರು ಎದ್ದುಬರುವುದಕ್ಕೆ ಈ ಅಡ್ಡಬಿರುಕುಗಳೇ ಮುಖ್ಯ ಕಾರಣ. ಹೀಗೆ ಒತ್ತುವುದರಷ್ಟೇ ಒತ್ತಿದುದನ್ನು ಬಿಡುವುದೂ ಮುಖ್ಯವಾಗಿರುವುದರಿಂದ, ಒಂದೇ ಸಮನೆ ಅದುಮುವುದಕ್ಕಿಂತ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುವುದು ಪೆಡಸಾದ ವಸ್ತುವಿನಲ್ಲಿ ಫಲಕಾರಿಯಾಗುತ್ತದೆ.

ಹಾಗಾದರೆ ಕಲ್ಲಿಗಿಂತ ಮೃದುವಾದ ಉಕ್ಕಿನ ಅಥವಾ ಹಿತ್ತಾಳೆಯ ಉಪಕರಣವು ಉಳಿಯುವುದು ಹೇಗೆ? ಅದೇ ಕಣದ ಇನ್ನೊಂದು ಮೊನೆಯು ಉಪಕರಣವನ್ನೂ ಒತ್ತುತ್ತದಲ್ಲವೆ? ಒತ್ತುತ್ತದೆ, ಆದರೆ ಲೋಹವು ತಗ್ಗಿ ಕುಳಿಬಿದ್ದು ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಗಾಜಿಗೂ ಕಲ್ಲಿಗೂ ಹೀಗ�� ಮಣಿಯುವ ಗುಣವಿಲ್ಲ. ಅವುಗಳಲ್ಲಿ ಸಹಜವಾಗಿರುವ ಸೂಕ್ಷ್ಮ ಸೀಳುಗಳ ತುದಿಯಲ್ಲಿ ಬಲವೆಲ್ಲ ಒಟ್ಟಾಗಿ ಬಿರುಕು ಮುಂದುವರಿಯುವುದೆಂಬುದನ್ನು ಎ. ಎ. ಗ್ರಿಫಿತನು ೧೯೨೧ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದನು. ಗಾಜಿನಲ್ಲಿ ನೂರು ಪಾಲು ಕಳೆಯುವಷ್ಟರಲ್ಲಿ ಉಪಕರಣದಲ್ಲಿ ಸುಮಾರು ಒಂದು ಪಾಲು ಸವೆಯುತ್ತದೆ. ಟಂಗ್‌ಸ್ಟನ್ ಕಾರ್ಬೈಡಿನಂತೆ ಸುಲಭವಾಗಿ ಬಿರಿಯದ ವಸ್ತುವಿನಲ್ಲಿ ಈ ಅನುಕೂಲವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಮೆತುವಾದ ಉಕ್ಕನ್ನು ಈ ಯಂತ್ರದಿಂದ ಕೊರೆಯಹೋಗುವುದು ವ್ಯರ್ಥಶ್ರಮವೇ ಆಗಿದೆ.

ಈ ವಿಧಾನದ ಮಿತಿಗಳೂ ಹಳೆಯ ಮಣಿಕಾರನಿಗೆ ಪರಿಚಿತವಾದುವೇ. ರಂಧ್ರವು ಆಳವಾದಂತೆ ಹೊಸ ಪುಡಿಯು ಬುಡಕ್ಕೆ ತಲುಪದೆ, ಹಳೆಯ ಪುಡಿಯು ನುರಿದು ನುಣ್ಣಗಾಗಿ, ಕೆಲಸವು ನಿಧಾನವಾಗುತ್ತದೆ. ಒತ್ತಡವನ್ನು ಹದಮೀರಿ ಹೆಚ್ಚಿಸಿದರೆ ಕೊರೆತವು ಹೆಚ್ಚುವುದಕ್ಕೆ ಬದಲಾಗಿ ಕುಂದುತ್ತದೆ. ರಂಧ್ರವು ಉಪಕರಣಕ್ಕಿಂತ ತುಸು ಅಗಲವಾಗುತ್ತದೆ. ಗಾಜಿನಲ್ಲಿ ನಿಮಿಷಕ್ಕೆ ಕೆಲವು ಮಿಲಿಮೀಟರಿನಷ್ಟು ಇಳಿಯಬಲ್ಲ ಈ ಯಂತ್ರವು ಲೋಹ ಕೊರೆಯುವ ಸಾಮಾನ್ಯ ಬೈರಿಗೆಯ ಎದುರಿಗೆ ಮಂದಗಾಮಿಯೇ ಸರಿ. ಆದರೆ ಅದು ವಸ್ತುವನ್ನು ಕಾಯಿಸುವುದಿಲ್ಲ. ವಸ್ತುವು ವಿದ್ಯುದ್ವಾಹಕವಾಗಿರಬೇಕೆಂಬ ನಿರ್ಬಂಧವೂ ಅದಕ್ಕಿಲ್ಲ.

೬

ಈಗ ಮೊದಲು ಹೇಳಿದ ವಾದವನ್ನು ಪರೀಕ್ಷಿಸಬಹುದು. ಈಜಿಪ್ತಿನ ಗೀಜಾದಲ್ಲಿ ದೊರೆತ ಒಂದು ಗ್ರಾನೈಟ್ ತಿರುಳನ್ನು, ಎಂದರೆ ಕೊಳವೆಯ ಆಕಾರದ ಬೈರಿಗೆಯಿಂದ ಕೊರೆದಾಗ ನಡುವೆ ಉಳಿದ ಕಲ್ಲಿನ ತುಂಡನ್ನು, ಫ್ಲಿಂಡರ್ಸ್ ಪೆಟ್ರಿಯು ೧೮೮೩ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅದರ ಮೈಮೇಲಿನ ಸುರುಳಿಗೆರೆಗಳನ್ನು ಕಂಡು, ಬೈರಿಗೆಯ ಬಾಯಿಗೆ ರತ್ನದ ಮೊನೆಗಳನ್ನು ಕೂರಿಸಿದ್ದಿರಬೇಕೆಂದು ಅವನು ಊಹಿಸಿದನು. ಕ್ರಿಸ್ಟೋಫರ್ ಡನ್ ಎಂಬ ಯಂತ್ರಕುಶಲನು ೧೯೮೪ರ ಲೇಖನದಲ್ಲಿಯೂ ೧೯೯೮ರ ಪುಸ್ತಕದಲ್ಲಿಯೂ ಇದೇ ಗೆರೆಗಳನ್ನು ಆಧಾರವಾಗಿಟ್ಟುಕೊಂಡು, ಅವು ಶ್ರವಣಾತೀತ ಕೊರೆತದ ಗುರುತುಗಳೆಂದು ವಾದಿಸಿದನು. ಗ್ರಾನೈಟಿನಲ್ಲಿರುವ ಕಠಿನವಾದ ಸ್ಫಟಿಕಭಾಗದಲ್ಲಿಯೇ ಗೆರೆಯು ಹೆಚ್ಚು ಆಳವಾಗಿದೆಯೆಂಬುದು ಅವನ ಪ್ರಬಲವಾದ ಆಧಾರ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದಕ್ಕಿಂತ, ಯಂತ್ರದ ಸ್ವಭಾವದಿಂದಲೇ ಅಳೆಯುವುದು ಲೇಸು. ಶ್ರವಣಾತೀತ ಉಪಕರಣವು ತಿರುಗುವುದಿಲ್ಲ; ಅದು ಮೇಲೆಕೆಳಗೆ ಮಾತ್ರ ಚಲಿಸುತ್ತದೆ. ಅದು ಬಿಡುವ ಮೈಯಲ್ಲಿ ಅಸಂಖ್ಯವಾದ ಸೂಕ್ಷ್ಮ ಕುಳಿಗಳಿದ್ದು ಅದು ಮಂಕಾದ ಮರಳುಗಾಜಿನಂತೆ ತೋರುತ್ತದೆಯೇ ಹೊರತು ಅದರಲ್ಲಿ ಸುರುಳಿಗೆರೆ ಮೂಡುವುದಿಲ್ಲ. ಗೆರೆಯು ತಿರುಗುವ ಉಪಕರಣದ ಲಕ್ಷಣ. ತಿರುಗುವುದನ್ನೂ ಕಂಪಿಸುವುದನ್ನೂ ಕೂಡಿಸಿದ ಯಂತ್ರವು ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಹಾರ್ವೆಲ್ಲಿನಲ್ಲಿ ರೂಪುಗೊಂಡಿತು. ಅದಕ್ಕೆ ಲೋಹದಲ್ಲಿ ಕೂರಿಸಿದ ವಜ್ರದ ಕಣಗಳೂ ವಿದ್ಯುಜ್ಜನಕವೂ ಬೇಕು. ಅಂಥವುಗಳ ಒಂದು ತುಣುಕೂ ಈಜಿಪ್ತಿನಲ್ಲಿ ದೊರೆತಿಲ್ಲ. ತಾಮ್ರದ ಕೊಳವೆಗಳನ್ನೂ ಮರಳನ್ನೂ ಕಮಾನಿನಿಂದ ತಿರುಗಿಸುವ ಬೈರಿಗೆಯನ್ನೂ ಬಳಸಿ ಗ್ರಾನೈಟನ್ನು ಕೊರೆಯಬಹುದೆಂಬುದನ್ನು ಡೆನಿಸ್ ಸ್ಟಾಕ್ಸ್ ಎಂಬ ಸಂಶೋಧಕನು ಸ್ವತಃ ಮಾಡಿ ತೋರಿಸಿ, ಫಲಿತಾಂಶಗಳನ್ನು ೨೦೦೩ರ ಗ್ರಂಥದಲ್ಲಿ ಪ್ರಕಟಿಸಿದ್ದಾನೆ. ಕಲ್ಲಿನೊಡನೆ ತಾಮ್ರವೂ ಧಾರಾಳವಾಗಿ ಸವೆಯುತ್ತದೆ, ಸಮಯವೂ ಬಹಳ ಬೇಕಾಗುತ್ತದೆ. ಆದರೆ ಕೆಲಸವು ಆಗುತ್ತದೆ. ಸ್ಫಟಿಕದ ಆಳದ ಮಾತಿನಿಂದಲೂ ಶ್ರವಣಾತೀತ ಯಂತ್ರವು ಸಿದ್ಧವಾಗುವುದಿಲ್ಲ. ಪೆಡಸಾದ ಖನಿಜವು ಕಠಿನವಾಗಿದ್ದರೂ ಬೇಗ ಚೂರಾಗಬಹುದೆಂಬುದು ಸಾಣೆಪುಡಿಯ ಎಲ್ಲ ವಿಧಾನಗಳಿಗೂ ಸಮಾನವಾದ ಸಂಗತಿ.

ಹಳೇಬೀಡಿನ ವಿಷಯವು ಇನ್ನೂ ಸುಲಭ. ೧೨ನೆಯ ಶತಮಾನದಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಎದ್ದ ಹೊಯ್ಸಳೇಶ್ವರ ದೇವಾಲಯದ ಕಂಬಗಳು ತಿರುಗಣೆಯ ಮೇಲೆ ಕಡೆದಂತೆ ನುಣುಪಾಗಿ ಬಳೆಬಳೆಯಾಗಿರುವುದು ನಿಜ. ಅವನ್ನು ತಿರುಗಿಸಿಯೇ ಕಡೆದರೆಂದು ವಿದ್ವಾಂಸರೂ ಒಪ್ಪುತ್ತಾರೆ. ಆದರೆ ಹೊಯ್ಸಳರ ಶಿಲೆಯು ಬಳಪದ ಕಲ್ಲಿನ ಜಾತಿಯದು. ಗಣಿಯಿಂದ ಹೊಸತಾಗಿ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಡುಸಾಗುವ ಈ ಕಲ್ಲನ್ನು ಉಕ್ಕಿನ ಉಳಿಯು ಸಲೀಸಾಗಿ ಕಡೆಯಬಲ್ಲುದು. ಶ್ರವಣಾತೀತ ಕೊರೆತವು ಕಠಿನವೂ ಪೆಡಸೂ ಆದ ವಸ್ತುವಿಗೆ ಹೇಳಿಸಿದುದು. ಬಳಪದ ಕಲ್ಲಿಗೆ ಅದರ ಆವಶ್ಯಕತೆಯೇ ಇಲ್ಲ. ಕಲ್ಲಿನ ಕಾಠಿನ್ಯವೇ ಅದ್ಭುತವೆನಿಸುವುದಾದರೆ ಹಳೇಬೀಡಿಗಿಂತ ಅಂಬರನಾಥವೇ ಹೆಚ್ಚಿನ ಅದ್ಭುತವೆನ್ನಬೇಕು. ಅಲ್ಲಿಯೂ ಕಾಣುವುದು ಉಳಿಯ ಕೆಲಸವೇ.

ಮೇಲಾಗಿ ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಬರೆದಿಟ್ಟು ಹೋಗಿರುವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಪ್ರಾಚೀನ ಭಾರತದ ಶಿಲ್ಪಿಗಳಲ್ಲಿ ಹೆಸರು ಉಳಿದವರು ವಿರಳ. ಕನ್ನಡನಾಡಿನಲ್ಲಿ ಅದು ಧಾರಾಳವಾಗಿ ಉಳಿದಿದೆ. ಕೃತಿಯ ಅಡಿಯಲ್ಲಿ ಕರ್ತೃವಿನ ಅಂಕಿತವಿರುವಾಗ ಕರ್ತೃತ್ವವನ್ನು ಅನಾಮಧೇಯ ಯಂತ್ರಕ್ಕೆ ಒಪ್ಪಿಸುವುದು ಯಾವ ನ್ಯಾಯದಿಂದಲೂ ಸಲ್ಲದು.

೭

ಇದರಿಂದ ಪ್ರಾಚೀನರಿಗೂ ಶ್ರವಣಾತೀತ ಯಂತ್ರಕ್ಕೂ ಸಂಬಂಧವೇ ಇಲ್ಲವೆಂದು ಹೇಳಿದಂತಾಗುವುದಿಲ್ಲ. ಸಂಗನಕಲ್ಲಿನ ಕೊಡಲಿಗಾರನು ಹಗುರವಾದ ಪೆಟ್ಟುಗಳಿಂದ ಕರಿಕಲ್ಲನ್ನು ಕಣಕಣವಾಗಿ ಉದುರಿಸಿದನು. ಮಣಿಕಾರನು ಪುಡಿ ನೀರುಗಳ ನೆರವಿನಿಂದ ಕಠಿನರತ್ನವನ್ನು ಕೊರೆದನು. ಬಾಲಮತ್ತನ ಯಂತ್ರವು ಈ ಎರಡನ್ನೂ ಕೂಡಿಸಿ, ಮನುಷ್ಯನ ತೋಳಿನಿಂದ ಆಗದಷ್ಟು ಶೀಘ್ರವಾಗಿ ನಡೆಸಿತು. ಸಂಬಂಧವು ತತ್ತ್ವದ್ದು, ಯಂತ್ರವು ಮಾತ್ರ ಹೊಸತು.

೧೯೬೨ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಸ್ಥಾಪನೆಯಾದ ಮೇಲೆ ಠಾಣೆಯ ವಾಗಳೆ ಎಸ್ಟೇಟು, ಡೊಂಬಿವಲಿ, ಠಾಣೆ-ಬೇಲಾಪುರ ರಸ್ತೆಗಳಲ್ಲಿ ಕಾರ್ಖಾನೆಗಳ ಸಾಲು ಬೆಳೆಯಿತು. ಕನ್ನಡನಾಡಿನಿಂದ ಬಂದು ಇಲ್ಲಿ ನೆಲಸಿದವರಲ್ಲಿ ಲೇತು, ಬೈರಿಗೆ, ಸಾಣೆಚಕ್ರಗಳ ನಡುವೆ ಆಯುಷ್ಯವನ್ನು ಕಳೆದವರು ಅನೇಕರು. ಉಪಕರಣವು ವಸ್ತುವಿನ ಮೇಲೆ ಬಿಡುವ ಗುರುತನ್ನು ಕಣ್ಣಳತೆಯಿಂದಲೇ ಓದಬಲ್ಲ ಇಂಥವರ ವಿದ್ಯೆಯು ಇತಿಹಾಸ ಸಂಶೋಧನೆಗೆ ಈವರೆಗೆ ಅಷ್ಟಾಗಿ ಒದಗಿಬಂದಿಲ್ಲ. ಕಾನ್ಹೇರಿಯ ಅಪೂರ್ಣ ಗುಹೆಯ ಗೋಡೆಗಳಲ್ಲಿಯೂ ಅಂಬರನಾಥದ ಕಂಬಗಳಲ್ಲಿಯೂ ಉಳಿದಿರುವ ಉಳಿಯ ಗೆರೆಗಳ ಅಗಲ, ಆಳ, ಓರೆಗಳನ್ನು ಅಳೆದು ಬರೆದಿಡುವ ಕೆಲಸವು ಶಾಸನ ಓದುವ ವಿದ್ವಾಂಸರೂ ಯಂತ್ರವನ್ನು ಬಲ್ಲ ಕಸುಬುದಾರರೂ ಕೂಡಿ ಮಾಡತಕ್ಕುದು. ಮಳೆಗಾಳಿಗಳಿಗೆ ಮೇಲ್ಮೈಯು ದಿನೇ ದಿನೇ ಸವೆಯುತ್ತಿದೆ. ಅಕ್ಷರಗಳು ಮಾಸುವ ಮೊದಲು ಶಾಸನಗಳ ಪಡಿಯಚ್ಚು ತೆಗೆದಂತೆ, ಈ ಗೆರೆಗಳ ಪಡಿಯಚ್ಚನ್ನೂ ಈಗಲೇ ತೆಗೆದಿಡುವುದು ಯುಕ್ತವಾಗಿದೆ. ಅಮೋಘವರ್ಷನ ಹೆಸರನ್ನು ಕಂಡರಿಸಿದ ಕೈಯ ಹೆಸರು ತಿಳಿಯದು. ಆ ಕೈ ಹಿಡಿದಿದ್ದ ಉಳಿಯ ಅಳತೆಯು ಆ ಬಂಡೆಯಲ್ಲಿ ಇನ್ನೂ ಇದೆ.